ಕಾಂಡದ ವಯಸ್ಸು, ಬೊಡ್ಡೆಯ ವಯಸ್ಸು

ಮರದ ಉಂಗುರ ಎಣಿಸುವುದೇ ನನ್ನ ಉದ್ಯೋಗ ಎಂದರೆ ಸೋದರತ್ತೆ ಈಗಲೂ ನಗುತ್ತಾರೆ. "ಅದಕ್ಕೂ ಸಂಬಳ ಕೊಡುತ್ತಾರೆಯೇ?" ಕೊಡುತ್ತಾರೆ. ತಪ್ಪು ಎಣಿಸಿದರೂ ಕೊಡುತ್ತಾರೆ ಎಂಬುದು ನನಗೆ ಮೊದಲ ವರ್ಷವೇ ಗೊತ್ತಾಯಿತು.

ಹಳಿಯಾಳದ ಕಡೆಯ ತೇಗದ ಕಾಡಿನ ಒಂದು ತುಂಡು. ಹಿಂದೊಮ್ಮೆ ಅಲ್ಲಿ ಮರ ಕಡಿದಿದ್ದರು. ಯಾವಾಗ ಕಡಿದರು, ಆಮೇಲೆ ಕಾಡು ಹೇಗೆ ಮರಳಿತು ಎಂಬುದು ನಮಗೆ ತಿಳಿಯಬೇಕಿತ್ತು. ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಬಹುಪಾಲು ಮರಗಳು ವರ್ಷದ ಲೆಕ್ಕವನ್ನು ಸ್ಪಷ್ಟವಾಗಿ ಇಡುವುದಿಲ್ಲ. ತೇಗ ಇಡುತ್ತದೆ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ ಸುಮ್ಮನೆ ನಿಲ್ಲುತ್ತದೆ, ಮತ್ತೆ ಬೆಳೆಯತೊಡಗಿದಾಗ ದೊಡ್ಡ ನೀರ್ಕೊಳವೆಗಳ ಸಾಲೊಂದನ್ನು ಕಟ್ಟುತ್ತದೆ. ಚೆನ್ನಾಗಿ ಉಜ್ಜಿದ ಮರದ ಮೇಲೆ ಆ ಸಾಲು ಬರಿಗಣ್ಣಿಗೇ ಕಾಣುತ್ತದೆ.

ಟೊಳ್ಳು ಬೈರಿಗೆಯನ್ನು ಎದೆಯೆತ್ತರದಲ್ಲಿ ತಿರುಗಿಸಿ ತಿರುಳಿನವರೆಗೆ ಕೊರೆದರೆ ಪೆನ್ಸಿಲಿಗಿಂತ ಸಪೂರವಾದ ಕಡ್ಡಿಯೊಂದು ಹೊರಬರುತ್ತದೆ. ಅದನ್ನು ತೋಡು ಕೊರೆದ ಮರದ ಪಟ್ಟಿಗೆ ಅಂಟಿಸಿ, ಒರಟಿನಿಂದ ನಯದವರೆಗಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಇಡುವುದು ನಮ್ಮ ಕ್ರಮ. ಹದಿನಾಲ್ಕು ಮರ ಕೊರೆದೆ. ಒಂದರಲ್ಲಿ 36 ಉಂಗುರ, ಇನ್ನೊಂದರಲ್ಲಿ 43, ಉಳಿದವು ಇವೆರಡರ ನಡುವೆ. ಸಸಿ ಎದೆಯೆತ್ತರಕ್ಕೆ ಬರಲು ಹಿಡಿದ ಕಾಲವೆಂದು ಎಲ್ಲಕ್ಕೂ ನಾಲ್ಕು ವರ್ಷ ಸೇರಿಸಿದೆ. "ಕಡಿದ ಮೇಲೆ ಬೀಜ ಬಿದ್ದು, ಏಳು ವರ್ಷಗಳಲ್ಲಿ ಕಾಡು ನಿಧಾನವಾಗಿ ತುಂಬಿಕೊಂಡಿತು" ಎಂದು ವರದಿಯಲ್ಲಿ ಬರೆದು ಚಂದದ ನಕ್ಷೆಯನ್ನೂ ಹಾಕಿದೆ.

ವರದಿ ನೋಡಿದ ಹಿರಿಯ ಸಹೋದ್ಯೋಗಿ ಕೇಳಿದ್ದು ಒಂದೇ ಪ್ರಶ್ನೆ: "ಎಣಿಸಿದೆಯೋ, ತಾಳೆ ನೋಡಿದೆಯೋ?"

ಎಣಿಸಿದ್ದೆ, ಅಷ್ಟೇ. ಒಂದೇ ಜಾಗದ ಮರಗಳು ಒಂದೇ ಮಳೆಯನ್ನು ಕಂಡಿರುತ್ತವೆ. ಎರಡು ಸಣ್ಣ ಉಂಗುರ, ಪಕ್ಕದಲ್ಲೊಂದು ದಪ್ಪ ಉಂಗುರ, ಇಂಥ ಗುರುತು ಒಂದು ಮರದಲ್ಲಿ ಸಿಕ್ಕರೆ ಉಳಿದವುಗಳಲ್ಲೂ ಅದೇ ವರ್ಷಕ್ಕೆ ಸಿಗಬೇಕು. ಹದಿನಾಲ್ಕು ಕಡ್ಡಿಗಳನ್ನು ಸಾಲಾಗಿಟ್ಟು ಹಾಗೆ ಹೊಂದಿಸುತ್ತ ಹೋದಂತೆ ನನ್ನ ಏಳು ವರ್ಷ ಕರಗಿತು. ಕೆಲವು ಕಡ್ಡಿಗಳಲ್ಲಿ, ಮಳೆ ನಡುವೆ ನಿಂತು ಮತ್ತೆ ಹಿಡಿದಾಗ ಮೂಡುವ ಹುಸಿ ಉಂಗುರವನ್ನೂ ವರ್ಷವೆಂದು ಎಣಿಸಿದ್ದೆ. ಇನ್ನು ಕೆಲವುಗಳಲ್ಲಿ ಎರಡು ಉಂಗುರ ಒಂದಕ್ಕೊಂದು ಅಂಟಿಕೊಂಡಲ್ಲಿ ಒಂದನ್ನು ನುಂಗಿದ್ದೆ. ತಿದ್ದಿದ ಮೇಲೆ ಎಲ್ಲ ಕಾಂಡಗಳ ಆರಂಭವೂ ಎರಡು ವರ್ಷದೊಳಗೇ ಬಂತು. ಹುಸಿ ಉಂಗುರ ಪತ್ತೆಗೆ ಗಾಳಿಗೆ ಬಿದ್ದಿದ್ದ ಒಂದು ಮರದ ಬಿಲ್ಲೆ ಬಹಳ ಉಪಕಾರ ಮಾಡಿತು: ಸೂಜಿ ಹಿಡಿದು ಗೆರೆಯ ಮೇಲೆ ಸಾಗಿದರೆ ನಿಜವಾದದ್ದು ಸುತ್ತಿ ಬಂದು ಕೂಡಿಕೊಳ್ಳುತ್ತದೆ, ಹುಸಿಯದ್ದು ಎಲ್ಲೋ ಮಸುಕಾಗಿ ಮಾಯವಾಗುತ್ತದೆ.

ಬೀಜ ಬಿದ್ದು ಬೆಳೆದ ಮರಗಳೆಲ್ಲ ಎರಡೇ ವರ್ಷದಲ್ಲಿ ಹೇಗೆ ಹುಟ್ಟಿದವು? ಇದಕ್ಕೆ ಉತ್ತರ ಹೇಳಿದವರು ಅರಣ್ಯ ಕಾವಲಿನ ಕಾಕಾ. ಎರಡನೆಯ ಸಲ ಹೋದಾಗ ನಾನು ಎದೆಯೆತ್ತರದಲ್ಲಿ ಅಳತೆ ಹಿಡಿಯುತ್ತಿದ್ದೆ. ಅವರು ಕತ್ತಿಯಿಂದ ಬುಡದ ತರಗೆಲೆ ಸರಿಸಿ, "ಮೇಲೇನು ನೋಡುತ್ತೀರಿ ಸಾಹೇಬರೇ, ಇಲ್ಲಿ ನೋಡಿ" ಎಂದರು. ಎರಡು ಕಾಂಡ, ನಡುವೆ ಕೊಳೆತು ಕುಳಿಬಿದ್ದ, ಹಿಂದೆ ಕಡಿದ ಮರದ ಬೊಡ್ಡೆಯ ತುಟಿ. "ಇವು ಬೀಜದವಲ್ಲ, ಬೊಡ್ಡೆ ಚಿಗುರು."

ಉತ್ತರ ಕಡ್ಡಿಗಳಲ್ಲೂ ಇತ್ತು. ತಿರುಳಿನ ಹತ್ತಿರದ ಉಂಗುರಗಳು ಕಿರುಬೆರಳಿನ ಉಗುರಿನಷ್ಟು ಅಗಲ. ಹಳೆಯ ಬೇರು ಕೂಡಿಟ್ಟದ್ದನ್ನು ಉಂಡ ಚಿಗುರು ಒಂದೆರಡು ಮಳೆಗಾಲದಲ್ಲೇ ಎದೆಯೆತ್ತರ ದಾಟುತ್ತದೆ. ಬೀಜದ ಸಸಿಯಾದರೆ ಬೆಂಕಿಗೆ ಸುಟ್ಟು, ಮತ್ತೆ ಚಿಗುರಿ, ಮತ್ತೆ ಸುಟ್ಟು ವರ್ಷಗಟ್ಟಲೆ ಗಿಡ್ಡಾಗಿಯೇ ಉಳಿಯಬಹುದು. ಅಂದರೆ ನಾನು ಸೇರಿಸಿದ ನಾಲ್ಕು ವರ್ಷವೂ ಇಲ್ಲಿ ಸಲ್ಲದ್ದು. ಕಡಿಯದೆ ಬಿಟ್ಟಿದ್ದ ಅಂಚಿನ ದೊಡ್ಡ ಮರವನ್ನು ಕೊರೆದೆವು. ನೆರೆಯವು ಹೋಗಿ ಬೆಳಕು ಬಿದ್ದೊಡನೆ ಅದರ ಉಂಗುರ ಹಿಗ್ಗಿ ಹತ್ತಾರು ವರ್ಷ ಹಾಗೆಯೇ ಉಳಿದಿತ್ತು. ಒಂದು ಒಳ್ಳೆಯ ಮಳೆಗಾಲವಾಗಿದ್ದರೆ ಒಂದೇ ಉಂಗುರ ಹಿಗ್ಗುತ್ತಿತ್ತು. ಹಿಗ್ಗಲು ತೊಡಗಿದ ವರ್ಷವೂ ಚಿಗುರುಗಳು ಹುಟ್ಟಿದ ವರ್ಷವೂ ಒಂದೇ.

ಸೊಪ್ಪಿನ ಬೆಟ್ಟದ ಊರಿನವನಾಗಿ ನನಗೆ ಇದೆಲ್ಲ ಮೊದಲೇ ಹೊಳೆಯಬೇಕಿತ್ತು. ತೋಟದ ಗೊಬ್ಬರಕ್ಕೆಂದು ಸೊಪ್ಪು ಸವರಿ ಬೋಳಾದ ಮರಗಳು ಮತ್ತೆ ಚಿಗುರುವುದನ್ನು ನೋಡಿಯೇ ಬೆಳೆದವನು. ಅಂಥ ಮರದ ಸಣ್ಣ ಉಂಗುರ ಕಂಡು ಬರಗಾಲ ಎಂದು ಬರೆದರೂ ಅದೇ ಜಾತಿಯ ತಪ್ಪು.

ಈಗ ನನ್ನ ಟಿಪ್ಪಣಿ ಪುಸ್ತಕದ ಮೊದಲ ಕಲಂ "ಬುಡ: ಬೀಜ ಅಥವಾ ಬೊಡ್ಡೆ". ಬೈರಿಗೆಗೆ ಕೈ ಹಾಕುವುದು ಅದು ತುಂಬಿದ ಮೇಲೆ. ಪಕ್ಕದಲ್ಲಿ "ಬೊಡ್ಡೆಯ ವಯಸ್ಸು" ಎಂಬ ಕಲಂ ಕೂಡ ಹಾಕಿದ್ದೇನೆ. ಆ ಬೊಡ್ಡೆ ತನ್ನ ಅಜ್ಜನ ಕಾಲದ ಮರದ್ದು ಎಂದು ಕಾಕಾ ಹೇಳುತ್ತಾರೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋದದ್ದರಿಂದ ಹಳೆಯ ಕಡತ ಹುಡುಕಲು ಎರಡು ಕಡೆ ಅಲೆಯಬೇಕು. ಬೊಡ್ಡೆಯೊಳಗೆ ಕೈ ಹಾಕಿದರೆ ಗೆದ್ದಲು ತಿಂದುಳಿದ ಮಣ್ಣು. ಕಲಂ ಖಾಲಿಯೇ ಇದೆ.