ಕಾಲಿನ ಸಿಟಿ ಸ್ಕ್ಯಾನ್‌ಗೆ ಅವಸರ ಬೇಡ

"ಗದ್ದೆ ಬದುವಿನ ಮೇಲೆ ನಾಲ್ಕು ಹೆಜ್ಜೆ ಹಾಕಿದ್ರೆ ಮೀನಖಂಡ ಹಿಡ್ಕೊಳ್ತದೆ, ನಿಂತ್ರೆ ಸರಿಹೋಯ್ತದೆ." ಮಂಡ್ಯ ಕಡೆಯ ಶುಗರ್ ಇರುವ ಹಿರಿಯರು ಸಿಟಿ ಸ್ಕ್ಯಾನ್ ರೂಮಿಗೆ ಬಂದಾಗ ಹೇಳುವುದು ಹೆಚ್ಚುಕಮ್ಮಿ ಇದನ್ನೇ. ಕಾಲಿನ ರಕ್ತನಾಳ ಎಲ್ಲಾದರೂ ಮುಚ್ಚಿದೆಯಾ ಅಂತ ನೋಡುವುದಕ್ಕೆ ಈ ಸ್ಕ್ಯಾನ್.

ಕಾಂಟ್ರಾಸ್ಟ್, ಅಂದರೆ ಸ್ಕ್ಯಾನ್‌ನಲ್ಲಿ ರಕ್ತನಾಳ ಬೆಳ್ಳಗೆ ಕಾಣಲಿ ಅಂತ ಇಂಜೆಕ್ಷನ್‌ನಲ್ಲಿ ಕೊಡುವ ಔಷಧಿ, ಹೊಟ್ಟೆಯ ದೊಡ್ಡ ರಕ್ತನಾಳದಿಂದ ಮಂಡಿಗೆ ಇಳಿಯುವ ವೇಗ ಒಬ್ಬೊಬ್ಬರಲ್ಲಿ ಒಂದೊಂದು. ಕೆಲವರಲ್ಲಿ ಸೆಕೆಂಡಿಗೆ ಸುಮಾರು 3 ಸೆಂ.ಮೀ., ಇನ್ನು ಕೆಲವರಲ್ಲಿ 17. ಈಗಿನ ಮಷೀನುಗಳೋ, ಹೊಟ್ಟೆಯಿಂದ ಸ್ಕ್ಯಾನ್ ಮಾಡುತ್ತಾ ಕೆಲವೇ ಸೆಕೆಂಡಿನಲ್ಲಿ ಪಾದ ಮುಟ್ಟಿಬಿಡುತ್ತವೆ. ಕಾಂಟ್ರಾಸ್ಟ್ ಇನ್ನೂ ತೊಡೆಯಲ್ಲೇ ಇರುತ್ತದೆ. ಆಗ ಚೆನ್ನಾಗಿ ತೆರೆದಿರುವ ರಕ್ತನಾಳವೂ ಮುಚ್ಚಿದ ಹಾಗೆ ಕಾಣುತ್ತದೆ. ಇದು ಸಣ್ಣ ವಿಷಯ ಅಲ್ಲ, ಒಂದು ಕಾಲಿನ ಪ್ರಶ್ನೆ.

ಅದಕ್ಕೇ ನನಗೆ ನಿಧಾನದ ಸ್ಕ್ಯಾನ್ ಇಷ್ಟ. ಸ್ಕ್ಯಾನ್ 40 ಸೆಕೆಂಡ್, ಇಂಜೆಕ್ಷನ್ 35 ಸೆಕೆಂಡ್, ಅದರ ಬೆನ್ನಿಗೇ ಸಲೈನ್. ಮಂಡಿಯಿಂದ ಕೆಳಕ್ಕೆ ಇನ್ನೊಂದು ಸ್ಕ್ಯಾನ್ ರೆಡಿ ಇಟ್ಟಿರಬೇಕು, ಬೇಕಾದರೆ ಮಾತ್ರ ಒತ್ತಬೇಕು. ಸುಮ್ನೆ ಕಾಂಟ್ರಾಸ್ಟ್ ಜಾಸ್ತಿ ಹಾಕಿದರೆ ಆಗುವ ಕೆಲಸ ಅಲ್ಲ ಇದು. ಅದನ್ನು ಹೊರಹಾಕಬೇಕಾದ ಕಿಡ್ನಿಯನ್ನೂ ನೋಡಬೇಕಲ್ವಾ?

"ಮೈ ಬಿಸಿ ಆಗುತ್ತೆ ಯಜಮಾನ್ರೇ, ಕಾಲು ಅಲುಗಾಡಿಸಬೇಡಿ" ಅಂದೆ ಇವತ್ತು ಒಬ್ಬರಿಗೆ. "ಆಯ್ತು ಬುಡವ್ವ" ಅಂದರು. ಸ್ಕ್ರೀನ್ ಮೇಲೆ ತೊಡೆಯಲ್ಲಿ ರಕ್ತನಾಳ ಒಂದು ಗೇಣು ಮಾಯ. ಅಕ್ಕಪಕ್ಕದ ಸಣ್ಣ ಕವಲುಗಳು ಸುತ್ತಿ ಬಂದು ಮಂಡಿ ಹತ್ತಿರ ಮತ್ತೆ ತುಂಬಿಸಿದ್ದವು. ಅಲ್ಲಿಂದ ಹಿಮ್ಮಡಿವರೆಗೂ ಬಿಳಿ ಗೆರೆ ಸ್ಪಷ್ಟ. ಬೈಪಾಸ್ ಮಾಡುವುದಾದರೆ ಎಲ್ಲಿಗೆ ಜೋಡಿಸಬಹುದು ಅಂತ ಸರ್ಜನ್‌ಗೆ ತೋರಿಸುವುದು ಆ ಗೆರೆಯೇ.