ಪ್ರೆಷರ್ ವಾಷರ್ ಕೊನೆಗೂ ಹದಕ್ಕೆ ಬಂತು: ದೋಷ ಗನ್ನಿನದಲ್ಲ, ಹಿಂದಿನ ಪೈಪಿನದು

ಗನ್ ಒತ್ತಿದರೆ ಎರಡು ಸೆಕೆಂಡು ಜೋರು, ಆಮೇಲೆ ಮೆದು, ಮತ್ತೆ ಜೋರು. ನೀರನ್ನು ಜೋರಾಗಿ ಚಿಮ್ಮಿಸಿ ತೊಳೆಯುವ ಹೊಸ ಪ್ರೆಷರ್ ವಾಷರ್ ಮನೆಗೆ ಬಂದಾಗಿನಿಂದ ಇದೇ ಗೋಳು. ನಿನ್ನೆ ಸಂಜೆ ಕಾರಣ ಸಿಕ್ಕಿತು. ನೀರು ಈಗ ಒಂದೇ ಸಮನೆ ಬರುತ್ತಿದೆ. ಖುಷಿ ಆರುವ ಮೊದಲೇ ಬರೆದುಬಿಡುತ್ತೇನೆ.

ಯಾವ ಮಷಿನ್ ಅನ್ನುವುದನ್ನು ಬೇಗ ಮುಗಿಸುತ್ತೇನೆ. ಮನೆಗೂ ದೋಣಿಗೂ ಒಂದೇ ಸಾಕಾಗಬೇಕಿತ್ತು. ನಮ್ಮದು ಕುಂದಾಪುರದ ಕಡೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಂಗಳದ ಇಂಟರ್‌ಲಾಕ್, ಮುರಕಲ್ಲಿನ ಕಾಂಪೌಂಡು ಎಲ್ಲಾ ಹಾವಸೆ ಹಿಡಿದು ಕಾಲಿಟ್ಟಲ್ಲಿ ಜಾರುತ್ತದೆ. ದೋಣಿ ಪಂಚಗಂಗಾವಳಿ ಹೊಳೆಯಲ್ಲಿ ಓಡಾಡುವ ಸಣ್ಣ ಫೈಬರ್ ದೋಣಿ. ಟ್ರಾಲಿಯಲ್ಲಿ ಮನೆಗೇ ತಂದು ತೊಳೆಯುವುದು, ಬಾವಿಯ ಸಿಹಿನೀರಿನಲ್ಲಿ. ಹೊಳೆಯ ಉಪ್ಪುನೀರನ್ನು ಈ ಪಂಪಿಗೆ ಕುಡಿಸಿದರೆ ಒಳಗಿನ ಲೋಹ ತುಕ್ಕು ಹಿಡಿದು ಹಾಳಾಗುತ್ತದೆ.

ಡಬ್ಬದ ಮೇಲೆ ದೊಡ್ಡದಾಗಿ ಬರೆದ ಬಾರ್, ಅಂದರೆ ಒತ್ತಡದ ಅಳತೆ, ನೋಡಿ ಮಾತ್ರ ಕೊಳ್ಳಬೇಡಿ. ಬಾರನ್ನು ನಿಮಿಷಕ್ಕೆ ಬರುವ ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿ. ನೀರಿಗೆ ಎಷ್ಟು ಕಿಲೋವ್ಯಾಟ್ ಶಕ್ತಿ ಸಿಗಬೇಕು ಅಂತ ಗೊತ್ತಾಗುತ್ತದೆ. 100 ಬಾರ್, 6 ಲೀಟರ್ ಅಂದರೆ 1 ಕಿಲೋವ್ಯಾಟ್. ಮೋಟರು, ಪಂಪು ತಿನ್ನುವುದನ್ನು ಸೇರಿಸಿದರೂ 1500 ವ್ಯಾಟಿನ ಮಷಿನ್ ಇಷ್ಟು ಕೊಡುತ್ತದೆ ಅನ್ನುವುದು ನಂಬುವ ಮಾತು. 1400 ವ್ಯಾಟ್ ಅಂತ ಬರೆದು ಪಕ್ಕದಲ್ಲೇ 180 ಬಾರ್, 8 ಲೀಟರ್ ಅಂತ ಬರೆದಿದ್ದರೆ? ಲೆಕ್ಕಕ್ಕೆ 2.4 ಕಿಲೋವ್ಯಾಟ್ ಬೇಕು. ಎರಡೂ ಒಟ್ಟಿಗೆ ಸಿಗಲು ಸಾಧ್ಯವೇ ಇಲ್ಲ. ಗರಿಷ್ಠ ಒತ್ತಡ ಬಿಟ್ಟು, ಕೆಲಸ ಮಾಡುವಾಗಿನ ಒತ್ತಡ ಎಷ್ಟು ಅಂತ ಹುಡುಕಿ ಓದಿ. ನಾನು ಇಂಡಕ್ಷನ್ ಮೋಟರಿನದ್ದೇ ತಗೊಂಡೆ. ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ಆದರೆ ಸದ್ದು ಕಡಿಮೆ, ಸವೆಯುವ ಕಾರ್ಬನ್ ಬ್ರಷ್ ಇಲ್ಲ. ಅಂಗಳ, ದೋಣಿ ಎರಡನ್ನೂ ತೊಳೆಯುವವರಿಗೆ ಇದೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಆ ಏರಿಳಿತದ ಕಥೆ. ಗನ್ನಿನ ತುದಿಯಲ್ಲಿ ನೀರು ಚಿಮ್ಮುವ ನಾಜಲ್‌ಗೆ ಪಿನ್ ಹಾಕಿ ಚುಚ್ಚಿ ನೋಡಿದೆ. ಕಸ ಇಲ್ಲ. ಇನ್‌ಲೆಟ್ ಫಿಲ್ಟರ್ ಸ್ವಚ್ಛ. ನಾಜಲ್ ತೆಗೆದು, ಗನ್ ಒತ್ತಿ ಹಿಡಿದು ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟೆ. ಮೋಟರ್ ಓಡುವಾಗ ಮಲ್ಟಿಮೀಟರ್ ಹಿಡಿದರೆ ವೋಲ್ಟೇಜೂ ಚೆನ್ನಾಗಿಯೇ ಇದೆ. ಅಂಗಡಿಗೆ ಫೋನ್ ಮಾಡಿದರೆ, "ಪಂಪ್ ಸೆಟ್ ಆಗ್ಲಿಕ್ಕೆ ಸ್ವಲ್ಪ ದಿನ ಬೇಕು ಸರ್, ಓಡಿಸ್ತಾ ಇರಿ" ಅಂದರು. ಪಂಪ್ ತನ್ನಷ್ಟಕ್ಕೆ ಸೆಟ್ ಆಗುವುದಿಲ್ಲ. ನೀರು ಸಾಲದೆ ಓಡಿದರೆ ಸೀಲ್ ಹೋಗುತ್ತದೆ, ಅಷ್ಟೆ.

ಸುಳಿವು ಕೊಟ್ಟಿದ್ದು ತೋಟಕ್ಕೆ ನೀರು ಹಾಯಿಸುವ ಹಸಿರು ಪೈಪು. ಗನ್ ಒತ್ತಿದಾಗ ಅದು ಮಷಿನ್ ಹತ್ತಿರ ಒಂದು ಗೇಣು ಉದ್ದಕ್ಕೆ ಚಪ್ಪಟೆಯಾಗುತ್ತಿತ್ತು. ಬಿಟ್ಟರೆ ಮತ್ತೆ ದುಂಡಗೆ. ಅಂದರೆ ನಲ್ಲಿ ಕೊಡುವುದಕ್ಕಿಂತ ಜಾಸ್ತಿ ನೀರನ್ನು ಪಂಪ್ ಎಳೆಯುತ್ತಿದೆ. ಪೈಪಿನ ತುದಿಗೆ 10 ಲೀಟರಿನ ಬಕೆಟ್ ಇಟ್ಟು ವಾಚು ನೋಡಿದೆ. ತುಂಬಲು ಹತ್ತಿರ ಹತ್ತಿರ ಎರಡು ನಿಮಿಷ. ಮಷಿನ್‌ಗೆ ಬೇಕಾದದ್ದು ನಿಮಿಷಕ್ಕೆ 7 ಲೀಟರ್, ಸಿಗುತ್ತಿದ್ದದ್ದು ಐದು ಚಿಲ್ಲರೆ. ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೆ 1 ಬಾರ್ ಒತ್ತಡ ಸಿಗುತ್ತದೆ. ಒಂದಂತಸ್ತಿನ ಮನೆಯಲ್ಲಿ ಅದರ ಅರ್ಧವೂ ಇಲ್ಲ. ಅದರ ಮೇಲೆ ಅರ್ಧ ಇಂಚಿನ ಉದ್ದ ಪೈಪು. ಪಾಪ, ಪಂಪ್ ಏನು ಮಾಡೀತು? ಹೊಸ ಮಷಿನ್ ಕೊಳ್ಳುವ ಮೊದಲೇ ಈ ಬಕೆಟ್ ಪರೀಕ್ಷೆ ಮಾಡಿಕೊಳ್ಳಿ.

ಸರಿ, 200 ಲೀಟರಿನ ನೀಲಿ ಡ್ರಮ್ ತಂದೆ. ತುಂಬಿದರೆ 200 ಕಿಲೋ, ಎತ್ತರದಲ್ಲಿ ಇಡುವ ಮಾತೇ ಇಲ್ಲ. ನೆಲದ ಮೇಲಿಟ್ಟು, ಮೇಲಿನಿಂದ ಪಿವಿಸಿ ಪೈಪಿನ ತುಂಡು ಇಳಿಬಿಟ್ಟು, ತುದಿಗೆ ಜಾಲರಿ ಹಾಕಿದೆ. ತಾನೇ ನೀರು ಎಳೆದುಕೊಳ್ಳುವ ಶಕ್ತಿ ಈ ಪಂಪಿಗಿದೆ. ಅಲ್ಲಿಂದ ಮಷಿನ್‌ವರೆಗೆ ಮುಕ್ಕಾಲು ಇಂಚಿನ ಗಟ್ಟಿ ಪೈಪು, ಒಳಗೆ ನೂಲಿನ ಬಲೆ ಇರುವ ಪಾರದರ್ಶಕ ಪೈಪೇ ಬೇಕು ಅಂತ ಹಟ ಹಿಡಿದು ತಂದದ್ದು. ದೊಡ್ಡ ಏರಿಳಿತ ನಿಂತಿತು. ಆದರೆ ಗನ್ನಿನಲ್ಲಿ ಸಣ್ಣ ನಡುಕ ಉಳಿದೇಬಿಟ್ಟಿತು.

ಆ ಪಾರದರ್ಶಕ ಪೈಪು ಕೊಟ್ಟ ದುಡ್ಡಿಗೆ ಮೋಸ ಮಾಡಲಿಲ್ಲ. ಬಗ್ಗಿ ನೋಡಿದರೆ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಮಷಿನ್ ಕಡೆ ಓಡುತ್ತಿವೆ. ಎಲ್ಲೂ ಒಂದು ಹನಿ ಸೋರಿಲ್ಲ. ಸೋರುವುದೂ ಇಲ್ಲ! ಇದು ಎಳೆಯುವ ಪೈಪು. ಬಿರುಕಿದ್ದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಡ್ರಮ್ಮಿನ ಅಂಚಿನಲ್ಲಿದ್ದ ಪ್ಲಾಸ್ಟಿಕ್ ಕ್ವಿಕ್ ಕನೆಕ್ಟರ್ ಸುತ್ತ ದಪ್ಪಗೆ ಗ್ರೀಸ್ ಮೆತ್ತಿದೆ. ಗುಳ್ಳೆ ಅಲ್ಲೇ ನಿಂತಿತು. ಬಿಚ್ಚಿ ನೋಡಿದರೆ ಸಂದು ಮುಚ್ಚುವ ರಬ್ಬರ್ ಬಳೆ, ಓ-ರಿಂಗ್, ಕೂರುವ ಜಾಗದಲ್ಲಿ ಅಚ್ಚಿನ ಗೆರೆ ಅಡ್ಡಕ್ಕೆ ಎದ್ದು ನಿಂತಿದೆ. ಉಗುರಿಗೆ ತಾಗುತ್ತದೆ. ರಿಂಗ್ ಅದರ ಮೇಲೆ ಕೂತು ಎರಡೂ ಪಕ್ಕ ಕೂದಲೆಳೆಯಷ್ಟು ಸಂದು. ಕನೆಕ್ಟರ್ ಕಿತ್ತು ಹಾಕಿ, ಹಿತ್ತಾಳೆ ನಿಪ್ಪಲ್‌ಗೆ ನೇರವಾಗಿ ಪೈಪು ಏರಿಸಿ, ಸ್ಟೀಲ್ ಕ್ಲ್ಯಾಂಪ್ ಬಿಗಿದೆ. ನಡುಕ ಮಾಯ.

ಬಿಡಿಭಾಗ ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಪ್ರೆಷರ್ ಪೈಪಿನ ಎಂ22 ಜೋಡಣೆಯಲ್ಲಿ ಥ್ರೆಡ್ ಒಂದೇ, ಒಳಗಿನ ಪಿನ್ ಮಾತ್ರ 14 ಮಿಲಿಮೀಟರ್, 15 ಮಿಲಿಮೀಟರ್ ಅಂತ ಎರಡು ಬಗೆ. 14 ಬೇಕು ಅಂತ ಬರೆದು ಕೇಳಿದರೂ 15 ಕಳಿಸಿದರು. "ಎಲ್ಲ ಒಂದೇ ಸೈಜು" ಅಂತೆ. ಹಾಗೆ ಹೇಳುವವರ ಹತ್ತಿರ ತಗೋಬೇಡಿ. ವರ್ನಿಯರ್ ಹಿಡಿದು ಅಳೆದೇ ಜೋಡಿಸಿ.

ನಾಜಲ್ಲಿನ ಡಿಗ್ರಿ ಅಂದರೆ ನೀರು ಹರಡುವ ಕೋನ. ಇಂಟರ್‌ಲಾಕ್‌ಗೆ 25 ಡಿಗ್ರಿಯ ಹಸಿರು ನಾಜಲ್ ಸಾಕು. ಹತ್ತಿರ ಹಿಡಿದರೆ ಸಂದಿನ ಮರಳೂ ಎದ್ದು ಬರುತ್ತದೆ. ಮುರಕಲ್ಲು ಮೆದು. ಅದಕ್ಕೂ ದೋಣಿಯ ಮೈಮೇಲಿನ ನುಣುಪು ಪದರ ಜೆಲ್‌ಕೋಟಿಗೂ 40 ಡಿಗ್ರಿಯ ಬಿಳಿಯದು, ಅದೂ ಒಂದಡಿ ದೂರದಿಂದ. 0 ಡಿಗ್ರಿಯ ಕೆಂಪು ನಾಜಲ್ ಡಬ್ಬದಲ್ಲೇ ಇರಲಿ. ತಳಕ್ಕೆ ಕಚ್ಚಿದ ಚಿಪ್ಪುಗಳನ್ನು ದೋಣಿ ನೀರಿನಿಂದ ಎತ್ತಿದ ಕೂಡಲೇ, ಒದ್ದೆ ಇರುವಾಗಲೇ ಎಬ್ಬಿಸಬೇಕು. ಒಣಗಿದರೆ ಬಿಡುವುದಿಲ್ಲ. ಉದುರುವ ಬಣ್ಣದ ಚಕ್ಕೆಗೆ ಕೆಳಗೆ ಟಾರ್ಪಾಲ್ ಹಾಸಿ. ಅದು ವಿಷ, ಹೊಳೆಗೆ ಹೋಗಬಾರದು. ಇನ್ನೊಂದು, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದ ಕಡೆ ಒದ್ದೆ ಕಾಲಲ್ಲಿ ಈ ಮಷಿನ್ ಓಡಿಸಲೇಬೇಡಿ.

ಡ್ರಮ್ ನೋಡಿದಾಗಿನಿಂದ ತಲೆಯಲ್ಲಿ ಇನ್ನೊಂದು ಯೋಜನೆ ಓಡುತ್ತಿದೆ. ದೋಣಿಯ ಹಿಂದೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನಿನ ಒಳಗಿನ ಉಪ್ಪನ್ನು ತೊಳೆಯಲು ಪ್ರತಿ ಸಲ ಸಿಹಿನೀರು ಹಾಯಿಸಬೇಕಲ್ವಾ? ಡ್ರಮ್ಮಿನ ಬಾಯಿ ಪೂರ್ತಿ ಕೊಯ್ದರೆ ಎಂಜಿನ್ನಿನ ಕಾಲನ್ನೇ, ಅಂದರೆ ನೀರಲ್ಲಿ ಮುಳುಗುವ ಕೆಳಭಾಗವನ್ನೇ, ಅದರಲ್ಲಿ ಇಳಿಸಬಹುದು. ಪ್ರೊಪೆಲ್ಲರ್ ಬಿಚ್ಚಿಟ್ಟು ನಿಧಾನಕ್ಕೆ ಓಡಿಸಿದರೆ ಆಯಿತು. ಆದರೆ ವಾಷರ್‌ಗೆ ಈ ಡ್ರಮ್ ಬೇಕೇ ಬೇಕು. ಹಾಗಾಗಿ ಎರಡನೇ ಡ್ರಮ್ಮಿಗೆ ಗುಜರಿಯವರಿಗೆ ಹೇಳಿಟ್ಟಿದ್ದೇನೆ, ರಾಸಾಯನಿಕ ತುಂಬಿದ್ದು ಬೇಡ ಅಂತಲೂ.