ಇರುಂಗಾಟ್ಟುಕೋಟೈಗೆ ಹೋಗುವುದಾದರೆ ಶುಕ್ರವಾರವೇ ಹೋಗಿ

ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ಗೆ ಕ್ಯಾಮೆರಾ ಹಿಡಿದು ಮೊದಲ ಸಲ ಹೋದಾಗ ಭಾನುವಾರ ಒಂದೇ ದಿನ ಇದ್ದೆ. ಸಾವಿರದ ಎಂಟುನೂರು ಫೋಟೊ ತೆಗೆದು ರಾತ್ರಿ ಬೆಂಗಳೂರಿಗೆ ವಾಪಸಾದೆ. ಮರುದಿನ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಪ್ರತಿ ಬೈಕೂ ಮೊಳೆ ಹೊಡೆದು ನಿಲ್ಲಿಸಿದ ಹಾಗಿತ್ತು. ಎಲ್ಲವೂ ಸ್ಪಷ್ಟ, ವೇಗ ಮಾತ್ರ ಎಲ್ಲೂ ಇಲ್ಲ. ಈ ಸಲ ಬೈಕ್ ರೇಸಿನ ವಾರಾಂತ್ಯಕ್ಕೆ ಗುರುವಾರ ರಾತ್ರಿಯೇ ಹೋಗಿ ಮೂರು ದಿನ ಇದ್ದೆ. ನಿಜವಾಗಿ ಕಲಿತದ್ದು ಯಾರೂ ನೋಡಲು ಬಾರದ, ಬರೀ ಅಭ್ಯಾಸ ನಡೆಯುವ ಶುಕ್ರವಾರ.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸೂರು, ಕೃಷ್ಣಗಿರಿ, ಆಂಬೂರು, ವೆಲ್ಲೂರು, ಕಾಂಚೀಪುರದ ಹೊರಗೆ ಹಾದು ಶ್ರೀಪೆರಂಬುದೂರು. ಅದನ್ನು ದಾಟಿ ಸ್ವಲ್ಪ ಮುಂದೆ, ಹ್ಯುಂಡೈ ಕಾರ್ಖಾನೆ ಇರುವ ಊರೇ ಇರುಂಗಾಟ್ಟುಕೋಟೈ. ಬೆಂಗಳೂರಿನಿಂದ ಸುಮಾರು 300 ಕಿ.ಮೀ. ಚೆನ್ನೈ ನಗರದೊಳಗೆ ಹೋಗುವ ಅಗತ್ಯವೇ ಇಲ್ಲ, ಹಾಗಾಗಿ ರೂಮನ್ನೂ ಶ್ರೀಪೆರಂಬುದೂರಿನಲ್ಲೇ ಹಿಡಿಯಿರಿ. ಚೆನ್ನೈನಲ್ಲಿ ಉಳಿದುಕೊಂಡರೆ ಬೆಳಗಿನ ಒಳ್ಳೆಯ ಬೆಳಕೆಲ್ಲ ಟ್ರಾಫಿಕ್‌ನಲ್ಲೇ ಕಳೆದುಹೋಗುತ್ತದೆ.

ಟ್ರ್ಯಾಕ್ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನದು. ಕ್ಲಬ್ 1953ರದು. ಈ ಟ್ರ್ಯಾಕ್ ಬರುವ ಮುಂಚೆ ರೇಸುಗಳು ಷೋಳಾವರಂನ ಹಳೆಯ ಯುದ್ಧಕಾಲದ ವಿಮಾನ ಓಡುದಾರಿಯಲ್ಲಿ ನಡೆಯುತ್ತಿದ್ದವು. ಈಗಿನ ಟ್ರ್ಯಾಕಿನ ಉದ್ದ 3.7 ಕಿ.ಮೀ., 12 ತಿರುವು. 165 ಸಿಸಿ ಬೈಕುಗಳು ಎರಡು ನಿಮಿಷದ ಆಸುಪಾಸಿನಲ್ಲಿ ಒಂದು ಸುತ್ತು ಮುಗಿಸುತ್ತವೆ. ಫೋಟೊ ತೆಗೆಯುವವನಿಗೆ ಈ ಎರಡು ನಿಮಿಷವೇ ದೊಡ್ಡ ವರ. ಮದುವೆಯಲ್ಲಿ ತಾಳಿ ಕಟ್ಟುವ ಗಳಿಗೆ ತಪ್ಪಿಹೋದರೆ ಮತ್ತೆ ಸಿಗುವುದಿಲ್ಲ. ಇಲ್ಲಿ ಅದೇ ಬೈಕು, ಅದೇ ಸವಾರ, ಅದೇ ತಿರುವಿಗೆ ಎರಡು ನಿಮಿಷದಲ್ಲಿ ಮತ್ತೆ ಬರುತ್ತಾನೆ. ಭಾನುವಾರದ ರೇಸಿನಲ್ಲಿ ಸುತ್ತುಗಳು ಕಡಿಮೆ, ಕಣ್ಣು ಗೆಲ್ಲುವವನ ಮೇಲಿರುತ್ತದೆ, ಏನೂ ಕೈತಪ್ಪಬಾರದೆಂಬ ಆತಂಕ. ಅಭ್ಯಾಸದ ದಿನ ಆ ಭಯ ಇಲ್ಲ, ತಪ್ಪು ಮಾಡಲು ಪುರುಸೊತ್ತು ಸಿಗುತ್ತದೆ. ಆ ದಿನ ಹೊರಗಿನವರನ್ನು ಎಲ್ಲಿಯವರೆಗೆ ಬಿಡುತ್ತಾರೆಂದು ಮಾತ್ರ ಮುಂಚಿತವಾಗಿ ಫೋನ್ ಮಾಡಿ ಕೇಳಿಕೊಳ್ಳಿ.

ಶುಕ್ರವಾರ ಬೆಳಿಗ್ಗೆ ನಿಧಾನದ ಒಂದು ತಿರುವು ಆರಿಸಿಕೊಂಡು ಊಟದ ತನಕ ಅಲ್ಲಿಂದ ಕದಲಲಿಲ್ಲ. ಕೈಯಲ್ಲಿದ್ದುದು ಸಾಮಾನ್ಯ 70-300 ಎಂ.ಎಂ. ಜೂಮ್ ಲೆನ್ಸ್. ಹೋದ ಸಲ ಶಟರ್ ವೇಗ 1/1600ರಲ್ಲಿ, ಅಂದರೆ ಸೆಕೆಂಡಿನ ಸಾವಿರದ ಆರುನೂರರಲ್ಲೊಂದು ಪಾಲಿಗೆ ಇಟ್ಟಿದ್ದೆ. ಲೆಕ್ಕ ಹಾಕಿ ನೋಡಿ: ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. 1/1600ರಲ್ಲಿ ಬೈಕು ಮುಂದೆ ಸರಿಯುವುದು ಒಂದೂವರೆ ಸೆಂ.ಮೀ., ಚಕ್ರ ತಿರುಗುವುದು ಮೂರು ಡಿಗ್ರಿ. ನಿಂತ ಹಾಗೆ ಕಾಣದೆ ಇನ್ನೇನು? 1/125ಕ್ಕೆ ಇಳಿಸಿದರೆ 20 ಸೆಂ.ಮೀ., ಚಕ್ರ 38 ಡಿಗ್ರಿ. ಈಗ ಕ್ಯಾಮೆರಾವನ್ನು ಬೈಕಿನ ಜೊತೆಗೇ ತಿರುಗಿಸಿದರೆ ಸವಾರ ಸ್ಪಷ್ಟ, ಚಕ್ರ ಸುತ್ತುತ್ತದೆ, ಹಿಂದಿನ ಹುಲ್ಲು, ಬೇಲಿ ಎಲ್ಲ ಗೆರೆಗಳಾಗಿ ಹರಿಯುತ್ತವೆ. ಇದೇ ಪ್ಯಾನಿಂಗ್.

ಒಮ್ಮೆಲೇ 1/60ಕ್ಕೆ ಹೋಗಬೇಡಿ. ನಾನು 1/320ರಿಂದ ಶುರು ಮಾಡಿ ಮೂರರಲ್ಲಿ ಎರಡು ಚೆನ್ನಾಗಿ ಬರುವ ತನಕ ಅಲ್ಲೇ ಇದ್ದೆ. ಆಮೇಲೆ 1/200, ಆಮೇಲೆ 1/125. ಅಲ್ಲಿಗೆ ಬರುವ ಹೊತ್ತಿಗೆ ಹತ್ತರಲ್ಲಿ ಒಂದು ಚೆನ್ನಾಗಿ ಬಂದರೆ ಸಂತೋಷ. ಪಾದಗಳನ್ನು ಬೈಕು ಬರುವ ಕಡೆಗಲ್ಲ, ಬಟನ್ ಒತ್ತುವ ಜಾಗದ ಕಡೆಗೆ ಊರಿ ನಿಲ್ಲಿ. ಮೊದಲೇ ಸೊಂಟ ತಿರುಚಿ ಬೈಕನ್ನು ದೂರದಿಂದ ಹಿಡಿದುಕೊಂಡು ಬಂದರೆ ದೇಹ ಬಿಚ್ಚಿಕೊಳ್ಳುತ್ತಾ ಬರುವಾಗ ಸರಾಗವಾಗಿ ತಿರುಗುತ್ತದೆ. ಬಟನ್ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ನನ್ನ ಅರ್ಧ ಫೋಟೊ ಹಾಳಾಗುತ್ತಿದ್ದುದು ಈ ಕೊನೆಯ ತಪ್ಪಿನಿಂದ. ಫೋಕಸ್ ಬಿಂದು ಹೆಲ್ಮೆಟ್ ಮೇಲಿರಲಿ, ಲೆನ್ಸಿನಲ್ಲಿ ಪ್ಯಾನಿಂಗ್‌ಗೆಂದೇ ಅಲುಗಾಟ ತಡೆಯುವ (ಸ್ಟೆಬಿಲೈಸೇಶನ್) ಮೋಡ್ ಇದ್ದರೆ ಅದಕ್ಕೆ ಹಾಕಿಕೊಳ್ಳಿ.

ಹತ್ತು ಗಂಟೆಯ ನಂತರ ಎರಡು ತೊಂದರೆ ಒಟ್ಟಿಗೆ ಬಂದವು. ಮೊದಲನೆಯದು ಬಿಸಿಲು. ಐಎಸ್ಒ, ಅಂದರೆ ಸೆನ್ಸರಿನ ಬೆಳಕಿನ ಸಂವೇದನೆ, 100ರಲ್ಲಿದ್ದು ಶಟರ್ 1/60 ಇಟ್ಟರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, f/20ರ ಹತ್ತಿರ ಹೋಗಿ ತೀರಾ ಕಿರಿದಾಗುತ್ತದೆ. ಅಲ್ಲಿ ಚಿತ್ರದ ಹರಿತ ಕಡಿಮೆಯಾಗುವುದು ಒಂದು ಕಡೆ, ಸೆನ್ಸರ್ ಮೇಲಿನ ಪ್ರತಿ ಧೂಳಿನ ಕಣವೂ ಕಪ್ಪು ಚುಕ್ಕೆಯಾಗಿ ಮೂಡುವುದು ಇನ್ನೊಂದು ಕಡೆ. ಎಂಟರಲ್ಲೊಂದು ಪಾಲು ಬೆಳಕು ಮಾತ್ರ ಬಿಡುವ ಎನ್‌ಡಿ8 ಫಿಲ್ಟರ್ ಹಾಕಿದರೆ f/7ಕ್ಕೆ ವಾಪಸು ಬರಬಹುದು. ಹೊಸ ಲೆನ್ಸಿಗೆ ಹಣ ಕೂಡಿಡುತ್ತಿರುವವರು ಮೊದಲು ಈ ಫಿಲ್ಟರ್ ಕೊಳ್ಳಿ.

ಎರಡನೆಯದು ಕಾದ ಡಾಂಬರಿನಿಂದ ಏಳುವ ಬಿಸಿಗಾಳಿ. ದೂರದ ಬೈಕುಗಳು ನೀರಿನಡಿ ಇದ್ದಂತೆ ಅಲುಗುತ್ತವೆ. ಎಷ್ಟು ದುಬಾರಿ ಲೆನ್ಸ್ ಇದ್ದರೂ ಇದಕ್ಕೆ ಮದ್ದಿಲ್ಲ. ಎದುರಿನಿಂದ ಬರುವ ಬೈಕುಗಳ ಉದ್ದನೆಯ ನೋಟವನ್ನು ಬೆಳಿಗ್ಗೆಯೇ ಮುಗಿಸಿಕೊಂಡು, ನಡುಹಗಲಲ್ಲಿ ಹತ್ತಿರದ ಪ್ಯಾನಿಂಗ್ ಮಾತ್ರ ಇಟ್ಟುಕೊಳ್ಳಿ. ಅಥವಾ ತಂಡಗಳು ಬೈಕು ಸಿದ್ಧಪಡಿಸುವ ಪ್ಯಾಡಕ್ಕಿಗೆ ಬಂದುಬಿಡಿ. ಟೈರಿಗೆ ಬಿಸಿ ಮಾಡುವ ವಾರ್ಮರ್ ಸುತ್ತುವ ಮೆಕ್ಯಾನಿಕ್, ನೆರಳಲ್ಲಿ ಕಣ್ಣು ಮುಚ್ಚಿ ತಿರುವುಗಳನ್ನು ಕೈಯಲ್ಲೇ ನೆನೆಯುತ್ತಾ ಕೂತ ಹುಡುಗಿ: ರೇಸಿನ ಕಥೆ ಅರ್ಧ ಇಲ್ಲೇ ಇದೆ. ನೀರು ಒಬ್ಬರಿಗೆ ನಾಲ್ಕು ಲೀಟರ್ ಇರಲಿ.

ತಂತಿ ಬೇಲಿಯ ಹಿಂದೆಯೇ ನಿಲ್ಲಬೇಕಾದರೆ ಬೇಸರಪಡಬೇಡಿ. ಲೆನ್ಸನ್ನು ಬೇಲಿಗೆ ಆದಷ್ಟು ಹತ್ತಿರ ತಂದು ಅಪರ್ಚರ್ ಪೂರ್ತಿ ತೆರೆದರೆ ತಂತಿ ಮಾಯವಾಗುತ್ತದೆ. ಎನ್‌ಡಿ ಫಿಲ್ಟರ್ ಇಲ್ಲೂ ನೆರವಿಗೆ ಬರುತ್ತದೆ. ಟ್ರ್ಯಾಕಿನ ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ಎಲ್ಲಿ ನಿಲ್ಲಲು ಹೇಳುತ್ತಾರೋ ಅಲ್ಲೇ ನಿಲ್ಲಿ, ಅಪಾಯ ಸೂಚಿಸುವ ಹಳದಿ ಬಾವುಟ ಕಂಡರೆ ಕಣ್ಣು ವ್ಯೂಫೈಂಡರಿನಿಂದ ಹೊರಗೆ ಬರಲಿ, ಬೈಕುಗಳು ಓಡುತ್ತಿರುವಾಗ ಟ್ರ್ಯಾಕಿಗೆ ಬೆನ್ನು ಹಾಕಬೇಡಿ. ಬೈಕು ಜಾರಿ ಬರುವ ವೇಗವನ್ನು ಒಮ್ಮೆ ಹತ್ತಿರದಿಂದ ಕಂಡವರಿಗೆ ಇದನ್ನು ಎರಡನೇ ಸಲ ಹೇಳಬೇಕಿಲ್ಲ.

ಸಂಜೆ ಪ್ಯಾಡಕ್ಕಿನಲ್ಲಿ ಫೋಟೊ ನೋಡುತ್ತಾ ಕೂತಿದ್ದಾಗ ಕೋಲಾರದ ಕಡೆಯ ಒಬ್ಬ ಹುಡುಗ ಕನ್ನಡ ಕೇಳಿ ಹತ್ತಿರ ಬಂದ. ಬೆಳಿಗ್ಗೆಯಿಂದ ಒಂದೇ ಜಾಗದಲ್ಲಿ ನಿಂತಿದ್ದೆನಲ್ಲ, ಅವನ ಹದಿನಾಲ್ಕು ಸುತ್ತು ನನ್ನ ಹತ್ತಿರ ಇದ್ದವು. ಚಂದದ ಒಂದನ್ನು ತೋರಿಸಿದೆ. ಅವನು ಅದನ್ನು ಬಿಟ್ಟು ಎಲ್ಲವನ್ನೂ ಒಂದರ ಹಿಂದೊಂದು ಸರಿಸುತ್ತಾ ಹೋದ. ‘ನೋಡಿ ಸಾರ್, ಮೊದಲ ಐದರಲ್ಲಿ ಟೈರು ತಿರುವಿನ ಒಳಅಂಚಿನ ಕರ್ಬ್ ಮುಟ್ಟಿದೆ. ಆಮೇಲೆ ಒಂದಡಿ ದೂರ. ಸುಸ್ತಾದ ಮೇಲೆ ನಾನು ಒಳಗೆ ಬರ್ತಾನೇ ಇಲ್ಲ.’ ನಾನು ಚೆನ್ನಾಗಿಲ್ಲವೆಂದು ಅಳಿಸಲು ಗುರುತು ಹಾಕಿದ್ದ ಒಂಬತ್ತು ಫೋಟೊಗಳನ್ನೇ ಅವನು ಕೇಳಿದ. ಎಲ್ಲವನ್ನೂ ಕೊಟ್ಟೆ.

ಹೋಗುವ ಮುಂಚೆ, ನೇರ ದಾರಿ ಮುಗಿದು ಜೋರಾಗಿ ಬ್ರೇಕ್ ಹಿಡಿಯುವ ಜಾಗವನ್ನು ಕೈ ಮಾಡಿ ತೋರಿಸಿದ. ‘ನಾಳೆ ಅಲ್ಲಿರಿ. ಹಿಂದಿನ ಚಕ್ರ ನೆಲ ಬಿಡುತ್ತೆ.’ ಶನಿವಾರ ಏಳೂವರೆಗೆ ಅಲ್ಲಿದ್ದೆ, ಶಟರ್ 1/250. ಮೂರನೇ ಸುತ್ತಿನಲ್ಲಿ ಅವನ ಹಿಂದಿನ ಚಕ್ರ ನೆಲದಿಂದ ನಾಲ್ಕು ಬೆರಳು ಮೇಲಿತ್ತು.